ಮಾರಿಯೋ ಬೆನ್ನ ಹಿಂದಿನ ಪರದೆ

ಆನೇಕಲ್ ಸುತ್ತಿನ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಆಡೋಣವೆಂದು ಊರವರು ಮಾತಾಡಿಕೊಂಡರೆ, ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತು ಮಾಡಿದ ಬೆನ್ನಿಗೇ ಸೀನರಿಯವರಿಗೂ ಮುಂಗಡ ಕೊಡಬೇಕು. ಸೀನರಿ ಲಾರಿಯಲ್ಲಿ ಬಂದಿಳಿಯುತ್ತದೆ: ದರ್ಬಾರಿನ ಪರದೆ, ಕಾಡಿನ ಪರದೆ, ಬೀದಿಯ ಪರದೆ, ಉದ್ಯಾನದ ಪರದೆ, ಎರಡೂ ಪಕ್ಕಕ್ಕೆ ಸೈಡ್‌ವಿಂಗು. ಕೃಷ್ಣನ ದ್ವಾರಕೆಗೂ ದುರ್ಯೋಧನನ ಹಸ್ತಿನಾವತಿಗೂ ಅದೇ ದರ್ಬಾರು. ಮುಂದಿನ ವಾರ ಇನ್ನೊಂದು ಊರಿನ ರಾಮಾಯಣದ ನಾಟಕಕ್ಕೆ ಅದೇ ಕಾಡು ದಂಡಕಾರಣ್ಯವಾಗುತ್ತದೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥ ವೃತ್ತಿ ನಾಟಕ ಮಂಡಳಿಗಳ ಕಾಲದಿಂದ ನಡೆದುಬಂದ ಪದ್ಧತಿ ಇದು. ನಾಲ್ಕಾರು ಪರದೆಗಳಲ್ಲಿ ಮೂರು ಲೋಕ ತೋರಿಸುವ ಈ ವಿದ್ಯೆಯಲ್ಲಿ ನೋಡುವವರಿಗೆ ಎಂದೂ ಕೊರತೆ ಕಂಡಿಲ್ಲ.

ತಾಲ್ಲೂಕಿನ ಉತ್ತರದ ಅಂಚಿಗೆ ಅಂಟಿಕೊಂಡೇ ಎಲೆಕ್ಟ್ರಾನಿಕ್ ಸಿಟಿ ಇದೆ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಅದನ್ನು ಕಟ್ಟಲು ಹೊರಟಿತು. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳಲ್ಲಿ ಕಾರ್ಖಾನೆಗಳು ಎದ್ದವು. ಸೀನರಿಯ ಲಾರಿ ಓಡಾಡುವ ರಸ್ತೆಯಲ್ಲೇ ಕಂಪ್ಯೂಟರ್ ಕಂಪನಿಗಳ ಬಸ್ಸುಗಳೂ ಓಡಾಡತೊಡಗಿದವು. 1990ರ ದಶಕದಲ್ಲಿ ಬೆಂಗಳೂರು ಮತ್ತು ಅದರ ಸುತ್ತಿನ ಊರುಗಳ ಮಕ್ಕಳ ಕೈಗೆ ‘ಟಿವಿ ಗೇಮ್’ ಬಂದದ್ದು ಈ ಹೊತ್ತಿನಲ್ಲೇ. ಸಮುರಾಯ್, ಮೀಡಿಯಾ ಮುಂತಾದ ಹೆಸರಿನ ಪೆಟ್ಟಿಗೆಗಳು, ಮೇಲಿನಿಂದ ತುರುಕುವ ಹಳದಿ ಕ್ಯಾಸೆಟ್ಟು, ಅದರ ಲೇಬಲ್ಲಿನ ಮೇಲೆ ಲಕ್ಷಗಟ್ಟಲೆ ಆಟಗಳ ಲೆಕ್ಕ, ಒಳಗೆ ನಿಜಕ್ಕೂ ಇದ್ದದ್ದು ಹತ್ತಾರು. ಮಾರಿಯೋ, ಕಾಂಟ್ರಾ, ಅಡ್ವೆಂಚರ್ ಐಲ್ಯಾಂಡ್. ಇವೆಲ್ಲ ಜಪಾನಿನ ನಿಂಟೆಂಡೋ ಕಂಪನಿ 1983ರ ಜುಲೈನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಮ್ ಯಂತ್ರದ ಆಟಗಳು. ಇಲ್ಲಿ ಮಾರಾಟವಾಗುತ್ತಿದ್ದ ಪೆಟ್ಟಿಗೆಗಳಲ್ಲಿ ಬಹುಪಾಲು ಆ ಯಂತ್ರದ ನಕಲುಗಳು.

ಆ ಆಟಗಳ ಬಗ್ಗೆ ಕನ್ನಡದಲ್ಲಿ ಯಾರಾದರೂ ಮಾತಾಡಿದರೆ ಸಾಮಾನ್ಯವಾಗಿ ನೆನೆಯುವುದು ನೆಗೆತ, ಲೈಫು, ಬಾಸ್ ಸ್ಟೇಜು. ಹಿಂದಿದ್ದ ಚಿತ್ರದ ಬಗ್ಗೆ ಮಾತು ಕಡಿಮೆ. ಆದರೆ ಮಾರಿಯೋ ಎಂದೊಡನೆ ಕಣ್ಣಿಗೆ ಬರುವುದು ತಿಳಿನೀಲಿ ಆಕಾಶ, ದುಂಡು ಹಸಿರು ಗುಡ್ಡ. ಕಾಂಟ್ರಾ ಎಂದರೆ ಕತ್ತಲ ಕಾಡು, ಅದರಾಚೆ ಜಲಪಾತ. ಊರಿನ ಹೆಸರೇ ಹೇಳದ ಆಟಗಳು ಇಷ್ಟು ಗಟ್ಟಿಯಾಗಿ ಒಂದು ಜಾಗವನ್ನು ಕಟ್ಟಿಕೊಟ್ಟದ್ದು ಹೇಗೆ? ಅಷ್ಟು ಕಡಿಮೆ ಸಾಮಾನಿನಲ್ಲಿ ಯಾವ ಜಾಗವನ್ನಾದರೂ ಕಟ್ಟಬಹುದಿದ್ದರೆ ನಮ್ಮ ಊರುಗಳು, ನಮ್ಮ ಬಂಡೆಗಳು, ನಮ್ಮ ಕೆರೆಗಳು ಅಲ್ಲಿ ಏಕೆ ಕಾಣಲಿಲ್ಲ?

ಮೊದಲು ಸಾಮಾನಿನ ಲೆಕ್ಕ. ಫ್ಯಾಮಿಕಾಮ್ ಪರದೆ 256 ಚುಕ್ಕಿ ಅಗಲ, 240 ಚುಕ್ಕಿ ಎತ್ತರ. ಅಷ್ಟನ್ನೂ ಚುಕ್ಕಿ ಚುಕ್ಕಿಯಾಗಿ ಬರೆದಿಡಲು ಆ ಕಾಲದ ಮೆಮೊರಿ ಸಾಲದು. ಆದ್ದರಿಂದ ಪರದೆಯನ್ನು 8 ಚುಕ್ಕಿ ಉದ್ದ, 8 ಚುಕ್ಕಿ ಅಗಲದ ಚೌಕಗಳಾಗಿ ಕತ್ತರಿಸಿದರು. ಅವೇ ಟೈಲ್‌ಗಳು. ಅಡ್ಡಕ್ಕೆ 32, ಉದ್ದಕ್ಕೆ 30. ಹಿನ್ನೆಲೆಗೆಂದು ಒಂದು ಹೊತ್ತಿಗೆ ಸಿಗುವುದು 256 ಬಗೆಯ ಟೈಲ್ ಮಾತ್ರ. ಅಂಕ ತೋರಿಸುವ ಸಂಖ್ಯೆ, ಅಕ್ಷರ, ಇಟ್ಟಿಗೆ, ಕೊಳವೆ, ಮೋಡ, ಕೋಟೆ ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು. ಬಣ್ಣದಲ್ಲೂ ಹೀಗೆಯೇ. ಹಿನ್ನೆಲೆಗೆ ನಾಲ್ಕು ಬಣ್ಣದ ಗುಂಪು. ಒಂದೊಂದು ಗುಂಪಿನಲ್ಲಿ ಮೂರು ಬಣ್ಣ, ಜೊತೆಗೆ ಎಲ್ಲಕ್ಕೂ ಸಾಮಾನ್ಯವಾದ ಒಂದು. ಅದಕ್ಕಿಂತ ಬಿಗಿಯಾದ ಕಟ್ಟಳೆ ಇನ್ನೊಂದಿತ್ತು: 16 ಚುಕ್ಕಿಯ ಚೌಕವೊಂದಕ್ಕೆ ಒಂದೇ ಗುಂಪು. ಹಸಿರು ಎಲೆಯ ಪಕ್ಕದಲ್ಲೇ ಕೆಂಪು ಹೂವು ಬೇಕೆಂದರೆ, ಅವೆರಡೂ ಒಂದೇ ಗುಂಪಿನಲ್ಲಿರಬೇಕು. ಇಲ್ಲವಾದರೆ ಹೂವು ಆ ಚೌಕದ ಆಚೆಗೆ ಸರಿಯಬೇಕು.

1985ರ ಸೂಪರ್ ಮಾರಿಯೋ ಬ್ರದರ್ಸ್ ಪೂರ್ತಿ ಆಟ 40 ಕಿಲೋಬೈಟ್. ಇಂದು ಫೋನಿನಲ್ಲಿ ತೆಗೆದ ಒಂದೇ ಒಂದು ಫೋಟೋ ಅದರ ಎಷ್ಟೋ ಪಟ್ಟು ತೂಗುತ್ತದೆ. ಶಿಗೆರು ಮಿಯಾಮೊಟೊ, ತಕಾಶಿ ತೆಜುಕ ಇಬ್ಬರೂ ಗ್ರಾಫ್ ಹಾಳೆಯ ಮೇಲೆ ಹಂತಗಳನ್ನು ಬರೆದು ಪ್ರೋಗ್ರಾಮರುಗಳಿಗೆ ಕೊಡುತ್ತಿದ್ದರು. ಆಟದ ಮೋಡ, ಪೊದೆ ಎರಡೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ ಎಂಬುದು ಈಗ ಬಹಳ ಮಂದಿಗೆ ಗೊತ್ತು. ಅಷ್ಟಾಗಿ ಗಮನಕ್ಕೆ ಬಾರದ ಸಂಗತಿ ಇನ್ನೊಂದಿದೆ. ಮೊದಲ ಹಂತದ ದೊಡ್ಡ ಗುಡ್ಡ, ಮೋಡ, ಪೊದೆ, ಸಣ್ಣ ಗುಡ್ಡಗಳ ಸಾಲು ಮೂರು ಪರದೆಯ ಅಗಲಕ್ಕೆ ಮುಗಿದುಹೋಗುತ್ತದೆ. ಆಮೇಲೆ ಅದೇ ಸಾಲು ಮತ್ತೆ ಮೊದಲಿನಿಂದ ಶುರು. ಮುಂದೆ ಇಟ್ಟಿಗೆ, ಕೊಳವೆ, ಹೊಂಡಗಳು ಬದಲಾಗುತ್ತ ಹೋಗುವುದರಿಂದ ಹಿಂದಿನದು ಮರುಕಳಿಸುತ್ತಿದೆ ಎಂದು ಓಡುವವನಿಗೆ ಅನ್ನಿಸುವುದೇ ಇಲ್ಲ. ಆಕಾಶದ ನೀಲಿಯನ್ನು ಕಪ್ಪಾಗಿಸಿದರೆ ರಾತ್ರಿ. ಹೊಸ ಚಿತ್ರ ಒಂದೂ ಬೇಕಿಲ್ಲ. ಕೃಷ್ಣನ ದರ್ಬಾರನ್ನೇ ಕೌರವನಿಗೆ ಕೊಟ್ಟ ಸೀನರಿಯವರ ಕೈಚಳಕವೇ ಕ್ಯೋಟೋ ನಗರದಲ್ಲೂ ನಡೆದಿತ್ತು.

ಈ ಹೋಲಿಕೆಯನ್ನು ನಿಂಟೆಂಡೋದವರೇ ಒಂದು ಹೆಜ್ಜೆ ಮುಂದಕ್ಕೆ ಒಯ್ದರು. 1988ರ ಸೂಪರ್ ಮಾರಿಯೋ ಬ್ರದರ್ಸ್ 3 ಶುರುವಾಗುವುದು ಕೆಂಪು ಪರದೆ ಮೇಲೇಳುವುದರಿಂದ. ಒಳಗೆ ಹೋಗಿ ನಿಧಾನಕ್ಕೆ ನೋಡಿದರೆ ಬಣ್ಣದ ದೊಡ್ಡ ಫಲಕಗಳ ಮೂಲೆಗಳಲ್ಲಿ ಮೊಳೆ ಹೊಡೆದ ಗುರುತು ಕಾಣುತ್ತದೆ. ಕೆಲವು ಕಟ್ಟೆಗಳು ಮೇಲಿನಿಂದ ಇಳಿಬಿಟ್ಟಂತಿವೆ. ಫಲಕಗಳ ನೆರಳು ಹಿಂದಿನ ಆಕಾಶದ ಮೇಲೇ ಬಿದ್ದಿದೆ. ಆಕಾಶದ ಮೇಲೆ ನೆರಳು ಬೀಳಬೇಕಾದರೆ ಅದು ಬಟ್ಟೆಯ ಆಕಾಶವೇ ಇರಬೇಕಲ್ಲ! ಹಂತ ಮುಗಿಯುವಲ್ಲಿ ಮಾರಿಯೋ ಕತ್ತಲಿನೊಳಗೆ, ರಂಗದ ಪಕ್ಕಕ್ಕೆ, ಸರಿದುಹೋಗುತ್ತಾನೆ. ಇಡೀ ಆಟ ರಂಗದ ಮೇಲೆ ನಡೆಯುವ ನಾಟಕವೇ ಎಂಬ ಆಟಗಾರರ ಊಹೆಗೆ 2015ರಲ್ಲಿ ಮಿಯಾಮೊಟೊ ಹೌದೆಂದರು. ಇದೆಲ್ಲ ಬರಿ ಅಲಂಕಾರವಾಗಿದ್ದರೆ ಇಷ್ಟು ಹೇಳಬೇಕಿರಲಿಲ್ಲ. ಮೊದಲ ಲೋಕದ ಮೂರನೆಯ ಹಂತದಲ್ಲಿ ಒಂದು ಬಿಳಿ ಫಲಕವಿದೆ. ಅದರ ಮೇಲೆ ಕೂತು ಕೆಳಗಿನ ಗುಂಡಿಯನ್ನು ಒಂದಷ್ಟು ಹೊತ್ತು ಒತ್ತಿಹಿಡಿದರೆ ಮಾರಿಯೋ ಸೀನರಿಯ ಹಿಂಬದಿಗೆ ಬೀಳುತ್ತಾನೆ. ಹಿಂದಿನಿಂದಲೇ ಓಡಿ ಹಂತದ ಕೊನೆ ದಾಟಿದರೆ ಮಾಯಾ ಕೊಳಲು ಸಿಗುತ್ತದೆ. ಪರದೆಯನ್ನು ಪರದೆಯೆಂದು ಕಂಡವನಿಗೆ ಬಹುಮಾನ. ಹಿನ್ನೆಲೆ ಚಿತ್ರ ಆಟದ ಒಳಗಿನ ಮಾತಾದ ಇದಕ್ಕಿಂತ ಚೆಂದದ ಉದಾಹರಣೆ ಆ ದಶಕದಲ್ಲಿ ಸಿಗುವುದು ಕಷ್ಟ.

ಟಿವಿ ಗೇಮ್ ಇಲ್ಲದ ಮಕ್ಕಳಿಗೆ ಶಾಲೆಯ ಕಂಪ್ಯೂಟರ್ ಕೋಣೆ ಇತ್ತು. ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಾದ, ಏಸಿಯ ತಣ್ಣನೆ ಕೋಣೆ. ಅಲ್ಲಿ ಡೇಂಜರಸ್ ಡೇವ್ ಮತ್ತು ಪ್ರಿನ್ಸ್ ಆಫ್ ಪರ್ಷಿಯಾ. ಜಾನ್ ರೊಮೆರೊ 1988ರಲ್ಲಿ ಆಪಲ್ 2 ಯಂತ್ರಕ್ಕೆ ಬರೆದ ಡೇವ್ ಆಟ ಅಮೆರಿಕದಲ್ಲಿ ಅಷ್ಟೇನೂ ದೊಡ್ಡ ಹೆಸರಲ್ಲ. ಭಾರತದ ಶಾಲೆಗಳಲ್ಲಿ ಅದನ್ನು ಆಡದ ಆ ಕಾಲದ ಮಕ್ಕಳೇ ವಿರಳ. ಅದರ ಹಿನ್ನೆಲೆ ಕಪ್ಪು. ಕಪ್ಪಿನ ಮೇಲೆ ಕೆಂಪು ಇಟ್ಟಿಗೆ, ಉರಿಯುವ ಬೆಂಕಿ, ವಜ್ರ, ಟ್ರೋಫಿ. ಡೇವ್ ಅಂಚಿಗೆ ಬಂದಾಗ ಪರದೆ ಒಮ್ಮೆಲೇ ಸರಿದು ಮುಂದಿನ ಜಾಗ ಬರುತ್ತಿತ್ತು. ಮಾರಿಯೋದಂತೆ ನಯವಾಗಿ ಉರುಳುವ ಶಕ್ತಿ ಆಗಿನ ಪರ್ಸನಲ್ ಕಂಪ್ಯೂಟರ್‌ಗೆ ಇಲ್ಲವೆಂದೇ ಎಲ್ಲರ ನಂಬಿಕೆ.

ಆ ನಂಬಿಕೆ ಮುರಿದ ಕಥೆಯಲ್ಲೂ ಹಿನ್ನೆಲೆ ಚಿತ್ರವೇ ಮುಖ್ಯ ಪಾತ್ರ. 1990ರ ಸೆಪ್ಟೆಂಬರ್‌ನಲ್ಲಿ ಲೂಸಿಯಾನದ ಶ್ರೀವ್‌ಪೋರ್ಟ್‌ನಲ್ಲಿ ಜಾನ್ ಕಾರ್ಮ್ಯಾಕ್ ಮತ್ತು ಟಾಮ್ ಹಾಲ್ ಒಂದೇ ರಾತ್ರಿಯಲ್ಲಿ ಮಾರಿಯೋ 3ರ ಮೊದಲ ಹಂತವನ್ನು ಕಂಪ್ಯೂಟರ್ ಮೇಲೆ ಮರುಕಟ್ಟಿದರು. ಮಾರಿಯೋ ಜಾಗದಲ್ಲಿ ಡೇವ್‌ನನ್ನು ನಿಲ್ಲಿಸಿದರು. ಕಾರ್ಮ್ಯಾಕ್ ಕಂಡುಕೊಂಡ ಉಪಾಯ ಸರಳ: ಪರದೆ ಸರಿದಾಗ ಎಲ್ಲ ಟೈಲನ್ನೂ ಮತ್ತೆ ಬರೆಯಬೇಡ, ಬದಲಾದವನ್ನು ಮಾತ್ರ ಬರೆ. ನೀಲಿ ಆಕಾಶದ ಚೌಕದ ಪಕ್ಕದಲ್ಲಿ ಇನ್ನೊಂದು ನೀಲಿ ಚೌಕವೇ ಇದ್ದರೆ ಬರೆಯುವುದೇನೂ ಇಲ್ಲ. ಅಂದರೆ ವಿಶಾಲವಾದ ಖಾಲಿ ಆಕಾಶ ಇದ್ದಷ್ಟೂ ಆಟ ವೇಗ. ಅದೇ ವರ್ಷ ಡಿಸೆಂಬರ್‌ನಲ್ಲಿ ಬಂದ ಕಮಾಂಡರ್ ಕೀನ್ ಆಟದ ಹಿನ್ನೆಲೆಗಳು ಅಷ್ಟು ಬಯಲಾಗಿ, ನೆಮ್ಮದಿಯಾಗಿ ಕಾಣುವುದಕ್ಕೆ ಕಾರಣ ಇದು. ಗಣಿತದ ಅನುಕೂಲವೇ ಅಲ್ಲಿ ಚಿತ್ರದ ಶೈಲಿಯಾಯಿತು.

ಜೋರ್ಡಾನ್ ಮೆಕ್ನರ್ ಅವರ ಪ್ರಿನ್ಸ್ ಆಫ್ ಪರ್ಷಿಯಾ (1989) ಬೇರೆ ದಾರಿ ಹಿಡಿಯಿತು. ಅಲ್ಲಿ ಉರುಳುವಿಕೆಯೇ ಇಲ್ಲ. ಒಂದು ಪರದೆ ಒಂದು ಕೋಣೆ. ನೆಲಮಾಳಿಗೆಯ ಗೋಡೆಯ ಇಟ್ಟಿಗೆಗಳನ್ನೆಲ್ಲ ಬರೆಯುವ ಬದಲು ಕಪ್ಪಿನ ಮೇಲೆ ಅಲ್ಲಲ್ಲಿ ಒಂದೆರಡು ಇಟ್ಟಿಗೆಯ ಗೆರೆ ಎಳೆದು ಬಿಟ್ಟಿದ್ದರು. ಉಳಿದ ಗೋಡೆಯನ್ನು ನೋಡುವ ಕಣ್ಣು ತಾನೇ ಕಟ್ಟಿಕೊಳ್ಳುತ್ತಿತ್ತು. ಗೋಡೆಗೆ ಸಿಕ್ಕಿಸಿದ ದೀವಟಿಗೆಯ ಜ್ವಾಲೆ ಮಾತ್ರ ಸದಾ ಅಲುಗುತ್ತಿತ್ತು. ಅಷ್ಟರಿಂದಲೇ ಆ ಕೋಣೆಗಳಿಗೆ ತೇವ, ಹಳತು, ಭಯ ಬಂದಿತ್ತು.

ಹಿನ್ನೆಲೆಯ ಇತಿಹಾಸದಲ್ಲಿ ಅತಿ ದೊಡ್ಡ ತಿರುವು ಆಳದ್ದು. ಚಂದಾಪುರದಿಂದ ಆನೇಕಲ್ ಕಡೆಗೆ ಹೋಗುವ ಬಸ್ಸಿನ ಕಿಟಕಿಯಲ್ಲಿ ಕೂತವರು ಅದನ್ನು ನೋಡಿಯೇ ಇರುತ್ತಾರೆ. ರಸ್ತೆ ಬದಿಯ ಕರೆಂಟು ಕಂಬಗಳು ಸರ್ರನೆ ಹಿಂದಕ್ಕೆ ಹಾರುತ್ತವೆ. ಅದರಾಚೆಯ ಬಡಾವಣೆಯ ಮನೆಗಳು ನಿಧಾನವಾಗಿ ಸರಿಯುತ್ತವೆ. ಪಶ್ಚಿಮಕ್ಕಿರುವ ಬನ್ನೇರುಘಟ್ಟದ ಕಾಡುಗುಡ್ಡಗಳು ಬಸ್ಸಿನ ಜೊತೆಗೇ ಬರುವಂತೆ ನಿಂತೇ ಇರುತ್ತವೆ. ಚಿತ್ರವನ್ನು ಪದರ ಪದರವಾಗಿ ಬಿಡಿಸಿ, ಹತ್ತಿರದ್ದನ್ನು ಬೇಗ, ದೂರದ್ದನ್ನು ನಿಧಾನವಾಗಿ ಸರಿಸಿದರೆ ಚಪ್ಪಟೆ ಪರದೆಯ ಮೇಲೂ ಇದೇ ಆಳ ಹುಟ್ಟುತ್ತದೆ. ಡಿಸ್ನಿ ಸ್ಟುಡಿಯೋ 1937ರಲ್ಲೇ ಗಾಜಿನ ಹಲವು ಪದರಗಳ ಕ್ಯಾಮೆರಾ ಇಟ್ಟು ಇದನ್ನು ಸಿನಿಮಾದಲ್ಲಿ ಮಾಡಿತ್ತು. ಇರೆಮ್ ಕಂಪನಿಯ ಮೂನ್ ಪ್ಯಾಟ್ರೋಲ್ (1982) ಇದನ್ನು ಆರ್ಕೇಡ್ ಆಟಗಳಲ್ಲಿ ಮನೆಮಾತಾಗಿಸಿತು.

ಫ್ಯಾಮಿಕಾಮ್‌ಗೆ ಇದ್ದದ್ದು ಒಂದೇ ಹಿನ್ನೆಲೆ ಪದರ. ಅದರಲ್ಲಿ ಆಳ ತೋರಿಸಲು ಪ್ರೋಗ್ರಾಮರುಗಳು ಟಿವಿಯ ಕಿರಣ ಪರದೆಯ ನಡುವೆ ಇಳಿಯುತ್ತಿರುವಾಗಲೇ ಸರಿಯುವ ವೇಗ ಬದಲಾಯಿಸುವ ಕಸರತ್ತು ಮಾಡುತ್ತಿದ್ದರು. 1988ರಲ್ಲಿ ಬಂದ ಸೇಗಾ ಮೆಗಾ ಡ್ರೈವ್‌ಗೆ ಎರಡು ಪದರಗಳಿದ್ದವು. ಮಾತ್ರವಲ್ಲ, ಒಂದೊಂದು ಅಡ್ಡಗೆರೆಯನ್ನೂ ಬೇರೆ ಬೇರೆ ವೇಗದಲ್ಲಿ ಸರಿಸಬಹುದಿತ್ತು. ಭಾರತದಲ್ಲಿ ಸೇಗಾ ಯಂತ್ರಗಳನ್ನು 1990ರ ದಶಕದ ನಡುವಿನಲ್ಲಿ ಶಾ ವ್ಯಾಲೇಸ್ ಕಂಪನಿ ಮಾರುತ್ತಿತ್ತು. ಬೆಲೆ ಮಧ್ಯಮ ವರ್ಗದ ಕೈಗೆಟುಕುವಂತಿರಲಿಲ್ಲ. ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡುವ ಅಂಗಡಿಗಳಲ್ಲಿ ಸೇಗಾ ಆಟದ ನಾಯಕ ಸೋನಿಕ್‌ನನ್ನು ನೋಡಿದವರೇ ಹೆಚ್ಚು.

1991ರ ಸೋನಿಕ್ ಆಟದ ಗ್ರೀನ್ ಹಿಲ್ ಹಂತ ಹತ್ತಿರದಿಂದ ನೋಡಬೇಕಾದ ಚಿತ್ರ. ಕ್ಯಾಲಿಫೋರ್ನಿಯಾದ ಭೂದೃಶ್ಯ ಮನಸ್ಸಿನಲ್ಲಿಟ್ಟು ಬರೆದ ನಾಡು ಅದು. ರಿಯೆಕೊ ಕೊದಾಮಾ, ಜೀನಾ ಇಶಿವತಾರಿ ಅದರ ಚಿತ್ರಕಾರ್ತಿಯರಲ್ಲಿ ಸೇರಿದವರು. ಮುಂದೆ ಚೌಕಳಿ ಮಣ್ಣು, ತಾಳೆಮರ, ಜಲಪಾತ. ಹಿಂದೆ ಮೋಡ, ಬೆಟ್ಟ, ಸರೋವರ. ಸರೋವರದ ನೀರು ಪಟ್ಟಿ ಪಟ್ಟಿಯಾಗಿ ಸರಿಯುತ್ತದೆ. ದಡದತ್ತಣ ಪಟ್ಟಿ ನಿಧಾನ, ಆಟಗಾರನತ್ತಣ ಪಟ್ಟಿ ವೇಗ. ಒಂದೇ ಪದರದ ಚಿತ್ರ ಹೀಗೆ ನೀರಾಗಿ ಮಲಗುತ್ತದೆ. ಜಲಪಾತದಲ್ಲಿ ಇನ್ನೊಂದು ಜಾಣತನ. ಒಂದು ಸಾಲು ನೀಲಿ ಚುಕ್ಕಿ, ಮುಂದಿನ ಸಾಲು ಖಾಲಿ, ಮತ್ತೆ ನೀಲಿ, ಮತ್ತೆ ಖಾಲಿ. ಅಂದಿನ ಟಿವಿಗೆ ಚಿತ್ರ ಒಯ್ಯುತ್ತಿದ್ದ ಕೇಬಲ್ಲು ಪಕ್ಕಪಕ್ಕದ ಚುಕ್ಕಿಗಳನ್ನು ಕದಡಿಬಿಡುತ್ತಿತ್ತು. ಆ ಕದಡಿನಲ್ಲೇ ಸಾಲುಗಳು ಬೆರೆತು, ಹಿಂದಿನದೂ ಕಾಣುವ ಪಾರದರ್ಶಕ ನೀರು ಮೂಡುತ್ತಿತ್ತು. ನಿಜವಾದ ಪಾರದರ್ಶಕತೆ ಆ ಯಂತ್ರಕ್ಕೆ ಬರುತ್ತಿರಲಿಲ್ಲ. ದೋಷವನ್ನೇ ಕುಂಚ ಮಾಡಿಕೊಂಡರು.

ಈಗಿನ ಚಪ್ಪಟೆ ಪರದೆಗಳಲ್ಲಿ ಅದೇ ಜಲಪಾತ ಜೈಲಿನ ಸರಳುಗಳಂತೆ ಕಾಣುತ್ತದೆ. ಹಳೆಯ ಆಟಗಳನ್ನು ಉಳಿಸಿಕೊಂಡು ಬಂದವರ ನಡುವೆ ಇದರ ಬಗ್ಗೆ ಚರ್ಚೆ ನಡೆದೇ ಇದೆ. ಚೂಪು ಅಂಚಿನ ಚೌಕವೇ ಅಸಲಿ ಚಿತ್ರ ಎನ್ನುವವರು ಒಂದು ಕಡೆ. ಹಳೆಯ ಟಿವಿಯ ಗೆರೆ, ಮಸುಕು, ಹೊಳಪನ್ನು ಸಾಫ್ಟ್‌ವೇರಿನಲ್ಲಿ ಮರಳಿ ತರುವವರು ಇನ್ನೊಂದು ಕಡೆ. ಎರಡನೆಯವರ ವಾದವೇ ಸರಿ ಎನ್ನಬೇಕಾಗುತ್ತದೆ, ಏಕೆಂದರೆ ಆ ಚಿತ್ರಕಾರರು ಬರೆದದ್ದು ಹಳೆಯ ಟಿವಿಯ ಪರದೆಗಾಗಿ. ಚೂಪು ಪಿಕ್ಸೆಲ್ಲಿನ ಇಂದಿನ ‘ರೆಟ್ರೋ’ ಸೊಗಸು ಚೆನ್ನಾಗಿಯೇ ಇದೆ. ಅದು ಹೊಸ ಕಾಲದ ಹೊಸ ಶೈಲಿ, ನಮ್ಮ ಮನೆಗಳ ಟಿವಿಯಲ್ಲಿ ಅಂದು ಕಂಡದ್ದಲ್ಲ.

1990ರಲ್ಲಿ ಬಂದ ಸೂಪರ್ ಫ್ಯಾಮಿಕಾಮ್ 32,768 ಬಣ್ಣಗಳಿಂದ ಆರಿಸಿ ಒಂದು ಪರದೆಗೆ 256 ಬಣ್ಣ ಕೊಟ್ಟಿತು. ಬಣ್ಣ ಹೆಚ್ಚಿದಾಗ ಹಳೆಯ ತೊಡಕೊಂದು ದೊಡ್ಡದಾಯಿತು: ಯಾವುದು ಕಾಲಿಡುವ ನೆಲ, ಯಾವುದು ಬರಿ ಚಿತ್ರ? ಸೂಪರ್ ಮಾರಿಯೋ ವರ್ಲ್ಡ್ ಹಿಂದಿನ ಬೆಟ್ಟಗಳನ್ನು ತೊಳೆದಿಟ್ಟ ಬಟ್ಟೆಯಷ್ಟು ಪೇಲವ ಮಾಡಿ, ಮುಂದಿನ ವಸ್ತುಗಳಿಗೆಲ್ಲ ದಪ್ಪ ಕಪ್ಪು ಅಂಚು ಕೊಟ್ಟಿತು. ಇಂಗ್ಲೆಂಡಿನ ರೇರ್ ಕಂಪನಿ 1994ರ ಡಾಂಕಿ ಕಾಂಗ್ ಕಂಟ್ರಿಗೆ ಸಿಲಿಕಾನ್ ಗ್ರಾಫಿಕ್ಸ್ ಕಂಪ್ಯೂಟರುಗಳಲ್ಲಿ ಮೂರು ಆಯಾಮದ ಕಾಡು ಕಟ್ಟಿ, ಅದರ ಚಿತ್ರ ತೆಗೆದು ಆಟಕ್ಕಿಳಿಸಿತು. ಜನ ಬೆರಗಾದರು. ಮರುವರ್ಷವೇ ನಿಂಟೆಂಡೋದ ಯೋಶೀಸ್ ಐಲ್ಯಾಂಡ್ ಮಗು ಕ್ರೇಯಾನಿನಲ್ಲಿ ಗೀಚಿದಂಥ ಗುಡ್ಡಗಳನ್ನು ತಂದಿತು. ಮೂವತ್ತು ವರ್ಷ ಕಳೆದ ಮೇಲೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಹೊಳಪಿನ ಕಾಡು ತನ್ನ ಕಾಲದ್ದಾಗಿ ಕಾಣುತ್ತದೆ, ಕ್ರೇಯಾನಿನ ಗುಡ್ಡ ನಿನ್ನೆ ಬರೆದಂತೆ ಇದೆ.

ಇನ್ನು ನಮ್ಮ ನೆಲದ ವಿಷಯ.

ಆ ಕಾಲದ ಆಟಗಳಲ್ಲಿ ಭಾರತ ಕಂಡದ್ದೇ ಅಪರೂಪ. 1989ರ ಡಕ್‌ಟೇಲ್ಸ್‌ನಲ್ಲಿ ಹಿಮಾಲಯದ ಒಂದು ಹಂತ ಇದೆ. ಹಿಮ ಮುಚ್ಚಿದ ಆ ಜಾಗ ಯಾವ ದೇಶದ್ದೂ ಆಗಬಹುದು. 1990ರ ದಶಕದ ಜಂಗಲ್ ಬುಕ್ ಆಟದಲ್ಲಿ ಡಿಸ್ನಿ ಚಿತ್ರದ ಕಾಡು. ಮಾರಿಯೋದಂತೆ ಓಡಿ ನೆಗೆಯುವ ‘ಪ್ಲಾಟ್‌ಫಾರ್ಮ್’ ಆಟವಲ್ಲದಿದ್ದರೂ ಆಟದಂಗಡಿಗಳಲ್ಲಿ ಎಲ್ಲರೂ ನೋಡಿದ್ದು 1991ರ ಸ್ಟ್ರೀಟ್ ಫೈಟರ್ 2ರಲ್ಲಿ ಧಾಲ್ಸಿಮ್ ಎಂಬ ಭಾರತೀಯ ಹೋರಾಟಗಾರನ ಅಂಗಳ. ಎರಡೂ ಬದಿಗೆ ಆನೆಗಳು, ಗೋಡೆಯ ಮೇಲೆ ಗಣೇಶ. ಆನೆ, ಗಣಪತಿ, ಅರಮನೆ: ಹೊರಗಿನವರು ಕೈಗೆ ಸಿಕ್ಕ ಮೂರೇ ಟೈಲಿನಲ್ಲಿ ಒಂದು ದೇಶವನ್ನು ಮುಗಿಸಿದ್ದರು. ಅದು ತಿರಸ್ಕಾರದಿಂದ ಮಾಡಿದ್ದಲ್ಲ, ಗೊತ್ತಿದ್ದದ್ದು ಅಷ್ಟೇ. ಆದರೂ ಆ ಚಿತ್ರವನ್ನು ನೋಡಿ ಖುಷಿಪಟ್ಟ ಇಲ್ಲಿನ ಮಕ್ಕಳಿಗೆ ತಮ್ಮ ಊರು ಇದಲ್ಲ ಎಂಬುದೂ ಗೊತ್ತಿತ್ತು.

ಕರ್ನಾಟಕ ಆಟವೊಂದರ ಹಿನ್ನೆಲೆಯಾಗಿ ಭರ್ಜರಿಯಾಗಿ ಬಂದದ್ದು ಬಹಳ ತಡವಾಗಿ, ರೆಟ್ರೋ ಕಾಲ ಮುಗಿದು ಎಷ್ಟೋ ವರ್ಷಗಳ ಮೇಲೆ. ಅಮೆರಿಕದ ನಾಟಿ ಡಾಗ್ ಕಂಪನಿ 2017ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿದ ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ ನಡೆಯುವುದು ಪಶ್ಚಿಮ ಘಟ್ಟದಲ್ಲಿ. ಹುಡುಕಾಟ ಹೊಯ್ಸಳರ ನಿಧಿಗಾಗಿ, ಬೇಲೂರು ಹಳೇಬೀಡುಗಳ ಹೆಸರು ಕಥೆಯಲ್ಲೇ ಇದೆ. ಕೆಮ್ಮಣ್ಣು, ಮಳೆಯ ಹಸಿರು, ಜೀಪಿನ ಚಕ್ರಕ್ಕೆ ಮೆತ್ತುವ ಕೆಸರು ಮನಸ್ಸಿಟ್ಟು ಮಾಡಿದ ಕೆಲಸ. ಕಟ್ಟಡಗಳಲ್ಲಿ ಮಾತ್ರ ಅವರು ಹೊಯ್ಸಳರನ್ನು ಕೈಬಿಟ್ಟರು. ಬೆಟ್ಟದೆತ್ತರದ ವಿಗ್ರಹಗಳು ಹೊಯ್ಸಳರ ದಾರಿಯಲ್ಲ. 12ನೆಯ ಶತಮಾನದ ಆ ಶಿಲ್ಪಿಗಳು ಬಳಪದ ಕಲ್ಲಿನಲ್ಲಿ ಬೆರಳ ಗಾತ್ರದ ಸರ, ಉಗುರಿನಷ್ಟು ಹೂವು ಕೆತ್ತಿದವರು. ಸಣ್ಣದರಲ್ಲೇ ಅವರ ದೊಡ್ಡಸ್ತಿಕೆ. ಸಾಲಾನೆಗಳ ಪಟ್ಟಿಕೆ, ನಕ್ಷತ್ರಾಕಾರದ ಜಗಲಿಯ ಏಣುಗಳು ಮತ್ತೆ ಮತ್ತೆ ಮರುಕಳಿಸುವ ಆ ಗೋಡೆಗಳು 8 ಚುಕ್ಕಿಯ ಟೈಲಿಗೆ ಎಷ್ಟು ಚೆನ್ನಾಗಿ ಒಗ್ಗುತ್ತಿದ್ದವು ಎಂದು ನೆನೆದರೆ 1990ರ ಒಂದು ಕ್ಯಾಸೆಟ್ಟಿನಲ್ಲಾದರೂ ಹಳೇಬೀಡು ಬಂದಿರಬೇಕಿತ್ತು ಅನ್ನಿಸುತ್ತದೆ.

ಕೈಗಳು ಇಲ್ಲಿರಲಿಲ್ಲ ಎಂದಲ್ಲ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ ಧ್ರುವ ಇಂಟರಾಕ್ಟಿವ್ ಭಾರತದ ಮೊದಮೊದಲ ಗೇಮ್ ಸ್ಟುಡಿಯೋಗಳಲ್ಲಿ ಒಂದು. ಫೋರ್ಜಾ ಹೊರೈಜನ್, ಸೀ ಆಫ್ ಥೀವ್ಸ್, ಡೇಸ್ ಗಾನ್ ಮುಂತಾದ ಆಟಗಳ ಚಿತ್ರಕೆಲಸಕ್ಕೆ ಅದು ಕೈಜೋಡಿಸಿತು. 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಅದನ್ನು ಕೊಂಡುಕೊಂಡಿತು. 2012ರಲ್ಲಿ ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆಂದೇ ಕರ್ನಾಟಕ ಸರ್ಕಾರ ನೀತಿಯೊಂದನ್ನು ತಂದಾಗ ದೇಶದ ಬೇರೆ ಯಾವ ರಾಜ್ಯದಲ್ಲೂ ಅಂಥದ್ದಿರಲಿಲ್ಲ. ಹೊರದೇಶದ ಕಾಡು, ಕಾರು, ಕಡಲು, ಬೀದಿಗಳನ್ನು ಬೆಂಗಳೂರಿನ ಕಲಾವಿದರು ಕಾಲು ಶತಮಾನದಿಂದ ಬರೆಯುತ್ತ ಬಂದಿದ್ದಾರೆ. ಗುತ್ತಿಗೆಯ ಕೆಲಸದಲ್ಲಿ ಯಾವ ಊರನ್ನು ಬರೆಯಬೇಕೆಂದು ಹೇಳುವವರು ದುಡ್ಡು ಕೊಡುವವರು. ಅದಕ್ಕೆ ಕಲಾವಿದರನ್ನು ದೂರುವಂತಿಲ್ಲ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ ‘ರಾಜಿ’ ಆಟ ರಾಜಸ್ಥಾನದ ಕೋಟೆಗಳನ್ನೂ ಪಹಾಡಿ ಚಿತ್ರಗಳ ಬಣ್ಣವನ್ನೂ ಹಿನ್ನೆಲೆಗೆ ತಂದು, ಸ್ವಂತ ಆಟ ಮಾಡಿದರೆ ಏನಾಗಬಹುದೆಂದು ತೋರಿಸಿತು.

ದುಡ್ಡಿನ ತಡೆ ದೊಡ್ಡ ಆಟಗಳಿಗೆ ನಿಜ. ಹಳೆಯ ಮಾದರಿಯ ಸಣ್ಣ ಆಟಕ್ಕೆ ಆ ತಡೆ ಬಹುಮಟ್ಟಿಗೆ ಕರಗಿದೆ. 2014ರ ಶೊವೆಲ್ ನೈಟ್ ಫ್ಯಾಮಿಕಾಮ್‌ನ ಬಣ್ಣದ ಕಟ್ಟಳೆಯನ್ನು ಒಂದಿಷ್ಟು ಸಡಿಲಿಸಿಕೊಂಡು ಹೊಸ ಕಾಲದಲ್ಲೂ ಗೆದ್ದಿತು. ಪಿಕೋ-8 ಎಂಬ ಸಾಫ್ಟ್‌ವೇರ್ ಬೇಕೆಂದೇ ಸಣ್ಣದಾಗಿ ಮಾಡಿದ ಯಂತ್ರ: 128 ಚುಕ್ಕಿ ಉದ್ದಗಲದ ಪರದೆ, 16 ಬಣ್ಣ, 8 ಚುಕ್ಕಿಯ ಟೈಲುಗಳು. ಬೆಟ್ಟ ಹತ್ತುವ ಹುಡುಗಿಯ ಕಥೆ ‘ಸೆಲೆಸ್ಟ್’ 2015ರಲ್ಲಿ ಮೊದಲು ಹುಟ್ಟಿದ್ದು ಅದರಲ್ಲೇ, ನಾಲ್ಕು ದಿನದಲ್ಲಿ, ಇಬ್ಬರ ಕೈಯಲ್ಲಿ. ದೊಡ್ಡ ರೂಪದಲ್ಲಿ 2018ರಲ್ಲಿ ಬಂದು ಜಗತ್ತನ್ನು ಸುತ್ತಿತು.

ಹಾಗಾದರೆ ಆನೇಕಲ್ ಸೀಮೆಯ ಒಂದು ಹಂತಕ್ಕೆ ಏನೇನು ಬೇಕು? ಮೊದಲು ಬಂಡೆ. ಇಲ್ಲಿನ ನೆಲದಡಿಯ ಗಟ್ಟಿ ಕಲ್ಲು ಅಲ್ಲಲ್ಲಿ ದುಂಡಗೆ, ಬೋಳಾಗಿ ಮೇಲೆದ್ದಿರುತ್ತದೆ. ಸೋನಿಕ್‌ನ ಚೌಕಳಿ ಮಣ್ಣಿಗಿಂತ ಸುಲಭವಾಗಿ ನಾಲ್ಕಾರು ಟೈಲಿನಲ್ಲಿ ಅದು ಸಾಧ್ಯ. ಹೊಲದ ಅಂಚಿಗೆ ನೆಟ್ಟ ಕಲ್ಲು ಚಪ್ಪಡಿಯ ಬೇಲಿ ಈ ಸೀಮೆಯ ಗುರುತೇ ಸರಿ. ಒಂದೇ ಚಪ್ಪಡಿಯನ್ನು ಎರಡು ಮೂರು ಎತ್ತರದಲ್ಲಿ ಬರೆದಿಟ್ಟುಕೊಂಡರೆ ಮೈಲುಗಟ್ಟಲೆ ಬೇಲಿ. ರಾಗಿ ಹೊಲ ಒಂದೇ ಚಿತ್ರ, ಹಸಿರಿನಿಂದ ಕಂದಿಗೆ ಬಣ್ಣ ತಿರುಗಿಸಿದರೆ ಬಿತ್ತನೆಯಿಂದ ಕುಯ್ಲಿನವರೆಗೆ. ಮುತ್ಯಾಲಮಡುವಿನ ಜಲಪಾತಕ್ಕೆ ಸೋನಿಕ್‌ನ ಸಾಲು ಬಿಟ್ಟು ಸಾಲಿನ ಉಪಾಯ. ಜಿಗಣಿಯ ಹಂತದಲ್ಲಿ ಗರಗಸದ ಅಡಿ ಸೀಳುವ ಗ್ರಾನೈಟ್ ದಿಮ್ಮಿಗಳು, ಅದರ ಬಿಳಿ ಧೂಳು, ಹಿಂದೆ ಕಾರ್ಖಾನೆಗಳ ಶೀಟಿನ ಚಾವಣಿ ಸಾಲು, ಅದಕ್ಕೂ ಹಿಂದೆ ಬನ್ನೇರುಘಟ್ಟದ ನಿಧಾನದ ಪದರ. ಕಾರ್ಖಾನೆಯನ್ನೂ ಅಪಾರ್ಟ್‌ಮೆಂಟನ್ನೂ ಬಿಟ್ಟು ಬರಿ ಹಸಿರು ಬರೆದರೆ ಅದು ಆನೇಕಲ್ ಆಗುವುದಿಲ್ಲ.

ಕಷ್ಟದ್ದು ಹುಸ್ಕೂರು ಮದ್ದೂರಮ್ಮನ ಜಾತ್ರೆಯ ತೇರು. ಸುತ್ತಲಿನ ಹಳ್ಳಿಗಳಿಂದ ನೂರಡಿ ಮೀರುವ ತೇರುಗಳನ್ನು ಎತ್ತು, ಟ್ರಾಕ್ಟರ್ ಕಟ್ಟಿ ಎಳೆದು ತರುತ್ತಾರೆ. ಅಂತಸ್ತಿನ ಮೇಲೆ ಅಂತಸ್ತು, ಮೇಲೆ ಹೋದಂತೆ ಕಿರಿದು, ಎಡಬಲ ಸಮ. ಇಲ್ಲಿ ಯಂತ್ರದ ಗುಣ ಅಡ್ಡ ಬರುತ್ತದೆ. ಫ್ಯಾಮಿಕಾಮ್‌ನಲ್ಲಿ ಹಿನ್ನೆಲೆಯ ಟೈಲನ್ನು ಕನ್ನಡಿಯಂತೆ ತಿರುಗಿಸಲು ಬರುವುದಿಲ್ಲ. ಎಡ ಅಂಚು ಬರೆದ ಮೇಲೆ ಬಲ ಅಂಚಿಗೆ ಬೇರೆ ಟೈಲ್ ಖರ್ಚು ಮಾಡಲೇಬೇಕು. ಮೆಗಾ ಡ್ರೈವ್‌ನಲ್ಲಿ ಅರ್ಧ ತೇರು ಬರೆದರೆ ಸಾಕು, ಉಳಿದರ್ಧ ತಾನೇ ಬರುತ್ತದೆ. ಇನ್ನೊಂದು ಸಂಗತಿಯನ್ನು ಚಿತ್ರಕಾರ ತಿಳಿದಿರಬೇಕು: ತೇರು ನೆಟ್ಟಗೆ ನಿಂತ ಗೋಪುರವಲ್ಲ, ಎಳೆಯುವಾಗ ತೂಗುತ್ತದೆ, ಗಾಳಿಗೆ ವಾಲುತ್ತದೆ. 2024 ಮತ್ತು 2025ರ ಜಾತ್ರೆಗಳಲ್ಲಿ ತೇರು ಉರುಳಿಬಿದ್ದದ್ದನ್ನು ಈ ಸೀಮೆಯವರು ಮರೆತಿಲ್ಲ. ಮೆಗಾ ಡ್ರೈವ್‌ನ ಗೆರೆ ಗೆರೆ ಸರಿಸುವ ಉಪಾಯದಿಂದ ಮೇಲಿನ ಅಂತಸ್ತುಗಳನ್ನು ಒಂದೊಂದೇ ಚುಕ್ಕಿ ಹೆಚ್ಚು ಸರಿಸುತ್ತ ಹೋದರೆ ಆ ತೂಗಾಟವೂ ಬರುತ್ತದೆ.

ಪಿಕೋ-8ರಲ್ಲಾದರೆ ಬಂಡೆಗೆ ಎರಡು ಬೂದು ಬಣ್ಣ ಸಿದ್ಧವಾಗಿವೆ, ರಾಗಿಗೆ ಎರಡು ಹಸಿರು, ಒಂದು ಕಂದು, ತೇರಿನ ಬಟ್ಟೆಗೆ ಕೆಂಪು, ಕಿತ್ತಳೆ, ಹಳದಿ, ಗುಲಾಬಿ. ಅದರ ಟೈಲ್ ಜಾಗದಲ್ಲಿ ಅರ್ಧವನ್ನು ನಕ್ಷೆಗೆ ಬಿಟ್ಟುಕೊಟ್ಟರೆ 128 ಟೈಲ್ ಕೈಯಲ್ಲಿ ಉಳಿಯುತ್ತವೆ, ನಕ್ಷೆ ಎಂಟು ಪರದೆ ಅಗಲ, ನಾಲ್ಕು ಪರದೆ ಎತ್ತರ ಸಿಗುತ್ತದೆ. ಚಂದಾಪುರದ ಕಡೆಯಿಂದ ಹುಸ್ಕೂರಿನವರೆಗೆ ಓಡಲು ಎಂಟು ಪರದೆ ಸಾಕು. ಎತ್ತರದ ನಾಲ್ಕೂ ಪರದೆಯನ್ನು ತೇರಿಗೇ ಕೊಡಬಹುದು.